ಕಬ್ಬಿನ ಗಾಡಿಯ ಹಿಂದೆ

ನಿಪ್ಪಾಣಿ ಬಿಟ್ಟು ಚಿಕ್ಕೋಡಿ ರಸ್ತೆಗೆ ಹೊರಳಿದ ಮೇಲೆ ಕಾರಿನ ವೇಗ ಓಡಿಸುವವರ ಕೈಯಲ್ಲಿ ಉಳಿಯುವುದಿಲ್ಲ. ಮುಂದಿರುವ ಕಬ್ಬಿನ ಟ್ರ್ಯಾಕ್ಟರ್ ಎಷ್ಟು ಓಡುತ್ತದೋ ಅಷ್ಟೇ. ಒಂದರ ಹಿಂದೊಂದು ಗಂಟುಬಿದ್ದ ಎರಡು ಟ್ರಾಲಿ, ಎರಡರಿಂದಲೂ ಹೊರಗೆ ಚಾಚಿದ ಹಸಿ ಕಬ್ಬು, ಡ್ರೈವರನ ತಲೆಯ ಮೇಲೆ ದೊಡ್ಡ ಸೌಂಡ್ ಬಾಕ್ಸು. ಮರಾಠಿ ಹಾಡು ಮುಗಿಯುತ್ತಲೇ ಕನ್ನಡದ್ದು, ಅದು ಮುಗಿಯುತ್ತಲೇ ಹಿಂದಿಯದ್ದು. ಮಡ್‌ಗಾರ್ಡಿನ ಮೇಲೆ ಬೀರೇಶ್ವರನ ಹೆಸರು, ಟ್ರಾಲಿಯ ಬೆನ್ನಿಗೆ ‘ತಾಯಿ ಆಶೀರ್ವಾದ’, ಅದರ ಕೆಳಗೆ ಅರ್ಧ ಕಿತ್ತು ಜೋತಾಡುವ ಕೆಂಪು ರಿಫ್ಲೆಕ್ಟರ್ ಪಟ್ಟಿ. ರವದಿ ಗಾಳಿಗೆ ಹಾರಿ ನಮ್ಮ ಗಾಜಿಗೆ ಬಡಿಯುತ್ತಿತ್ತು.

ಪುಣೆಯಿಂದ ಇಲ್ಲಿಯವರೆಗೆ ನಿದ್ದೆ, ಜಗಳ, ಮೊಬೈಲು ಇಷ್ಟರಲ್ಲೇ ದಾರಿ ಸವೆಸಿದ್ದ ಮೂರು ಮಕ್ಕಳು ಒಮ್ಮೆಲೇ ಮುಂದಕ್ಕೆ ಬಾಗಿದವು.

“ಪಪ್ಪಾ, ಓವರ್‌ಟೇಕ್ ಮಾಡಬ್ಯಾಡ್ರಿ. ಹಾಡ ಕೇಳೂನು!”

ಭಾರತ ಹುಣ್ಣಿಮೆ ಹತ್ತಿರ ಬಂದಿತ್ತು. ಈ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆ. ನಮ್ಮ ಕಡೆಯ ಬಹಳ ಮನೆಗಳಲ್ಲಿ ಯಾರಾದರೊಬ್ಬರು ಪುಣೆಯಲ್ಲೋ ಕೊಲ್ಹಾಪುರದಲ್ಲೋ ಮುಂಬೈಯಲ್ಲೋ ದುಡಿಯಲು ಹೋದವರಿದ್ದಾರೆ. ಜಾತ್ರೆ, ಮದುವೆ, ಬೇಸಿಗೆ ಸೂಟಿ ಬಂದರೆ ಅವರೆಲ್ಲ ಮಕ್ಕಳನ್ನು ಗಾಡಿಗೆ ತುಂಬಿಕೊಂಡು 48ನೇ ರಾಷ್ಟ್ರೀಯ ಹೆದ್ದಾರಿ ಹಿಡಿಯುತ್ತಾರೆ. ನನ್ನ ತಂಗಿಯ ಸಂಸಾರವೂ ಹಾಗೇ ಹೊರಟಿತ್ತು. ಅಳಿಯಂದಿರ ಕೈಯಲ್ಲಿ ಸ್ಟೇರಿಂಗ್, ಪಕ್ಕದಲ್ಲಿ ದಾರಿ ತೋರಿಸುವ ನೆಪದಲ್ಲಿ ನಿಪ್ಪಾಣಿಯಲ್ಲಿ ಹತ್ತಿಕೊಂಡ ನಾನು ಮತ್ತು ನಡುವಿನ ಸೀಟಿನಲ್ಲಿ ನಮ್ಮವ್ವ. ಮಕ್ಕಳಿಗೆ ಅವಳು ಆಯಿ. ಏಳನೇ ಇಯತ್ತೆಯ ದೊಡ್ಡವಳು, ನಾಲ್ಕನೆಯದರ ನಡುವಿನವ, ಇನ್ನೂ ಬಾಲವಾಡಿಯ ಸಣ್ಣವ.

ಹೆದ್ದಾರಿಯಲ್ಲಿ ಮಕ್ಕಳಿಗೆ ಬೇಸರ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿ ನೋಡಲು ಏನೂ ಉಳಿಸಿಲ್ಲ. ಸಾತಾರಾದಿಂದ ಕಾಗಲ್‌ವರೆಗೆ ಆರು ಪಥದ ಕಾಮಗಾರಿ, ಡೈವರ್ಶನ್ನು, ಧೂಳು. ದೂಧಗಂಗೆಯನ್ನು ದಾಟಿ ಕೊಗನೊಳಿ ಟೋಲ್ ನಾಕಾಕ್ಕೆ ಬಂದು ಕರ್ನಾಟಕ ಹೊಕ್ಕದ್ದು ಕೂಡ ಸಣ್ಣವನಿಗೆ ತಿಳಿದಿರಲಿಲ್ಲ. ಯಮಗರ್ಣಿಯಲ್ಲಿ ವೇದಗಂಗೆಯ ಮೇಲೆ ಹಾಯುವಾಗ ನಡುವಿನವ ತಲೆ ಎತ್ತಲಿಲ್ಲ. 2019ರಲ್ಲೂ 2021ರಲ್ಲೂ ಇದೇ ಜಾಗದಲ್ಲಿ ಹೊಳೆ ಹೆದ್ದಾರಿಯ ಮೇಲೇ ಹರಿದು ಪುಣೆ–ಬೆಂಗಳೂರು ಸಂಚಾರ ನಿಂತುಹೋಗಿತ್ತು ಎಂದು ಅವರಪ್ಪ ಹೇಳಿದರೂ ಇಲ್ಲ. ಗಂಟೆಗೆ ನೂರರ ವೇಗದಲ್ಲಿ ಹೊಳೆಯೆಂದರೆ ಎರಡು ಕಟಾಂಜನದ ನಡುವಿನ ಒಂದು ಗಳಿಗೆ, ಅಷ್ಟೇ. ನಾಲ್ಕು ಪಥದ ರಸ್ತೆ ದೊಡ್ಡವರ ಅವಸರಕ್ಕೆ ಮಾಡಿದ್ದು. ಮಕ್ಕಳ ರಸ್ತೆ ಡಿವೈಡರ್ ಮುಗಿದ ಮೇಲೆ ಶುರುವಾಗುತ್ತದೆ. ಕಿಲೋಮೀಟರ್ ಕಲ್ಲಿನ ಹಳದಿ ನೆತ್ತಿ ಹೋಗಿ ರಾಜ್ಯ ಹೆದ್ದಾರಿಯ ಹಸಿರು ನೆತ್ತಿ ಬಂದದ್ದನ್ನು ಮೊದಲು ಕಂಡವಳು ದೊಡ್ಡವಳು. ಕಂಡದ್ದೇ ಅವಳಿಗೊಂದು ಕೆಲಸ ಸಿಕ್ಕಿತು. ಚಿಕ್ಕೋಡಿ ಎಷ್ಟು ದೂರ ಉಳಿಯಿತು ಎಂದು ಇನ್ನು ಯಾರೂ ಅಪ್ಪನನ್ನು ಕೇಳಬೇಕಿಲ್ಲ, ಅವಳನ್ನು ಕೇಳಬೇಕು.

ನನ್ನ ಮಟ್ಟಿಗೆ ಗುಟ್ಟೇನಿದ್ದರೂ ಇಷ್ಟೇ: ಗಾಡಿಯಲ್ಲಿ ಮಕ್ಕಳಿಗೆ ಬೇಕಾದ್ದು ಮನರಂಜನೆಯಲ್ಲ, ಕೆಲಸ. ಒಬ್ಬರಿಗೆ ಕಲ್ಲು, ಒಬ್ಬರಿಗೆ ನಂಬರ್ ಪ್ಲೇಟು, ಸಣ್ಣವನಿಗೆ ನೀರಿನ ಬಾಟಲಿಯ ಕಾವಲು. ಕೊಟ್ಟ ಕೆಲಸದಲ್ಲಿ ಸ್ವಲ್ಪ ಅಧಿಕಾರವೂ ಇರಬೇಕು. ಸಣ್ಣವನನ್ನು ಕೇಳದೆ ಅವರಪ್ಪ ಕೂಡ ನೀರು ಕುಡಿಯುವಂತಿಲ್ಲ ಎಂದು ಆಯಿ ಅಪ್ಪಣೆ ಕೊಟ್ಟಳು. ಅದನ್ನು ಅವ ಎಷ್ಟು ಗಟ್ಟಿಯಾಗಿ ಹಿಡಿದನೆಂದರೆ ಅಳಿಯಂದಿರು ಚಿಕ್ಕೋಡಿಯವರೆಗೆ ಒಣಗಿದ ಗಂಟಲಲ್ಲೇ ಗಾಡಿ ಓಡಿಸಿದರು.

ನಿಪ್ಪಾಣಿಯಲ್ಲಿ ನಾನು ಹತ್ತಿದ ಕೂಡಲೇ ಇನ್ನೊಂದು ಆಟ ಹೂಡಿದ್ದೆ. ಕಣ್ಣು ಮುಚ್ಚಬೇಕು, ಕಿಟಕಿ ಇಳಿಸಬೇಕು, ಮೂಗಿಗೆ ಬಂದದ್ದು ಏನೆಂದು ಹೇಳಬೇಕು. ನಿಪ್ಪಾಣಿಯ ತಂಬಾಕಿನ ವಖಾರಿಗಳ ಬದಿಗೆ ಗಾಡಿ ಹಾಯುತ್ತಲೇ ಮೂವರೂ ಸೀನಿದರು.

“ಖಾರಪುಡಿ!” ಎಂದ ನಡುವಿನವ.

“ಚಾಪುಡಿ,” ಎಂದಳು ದೊಡ್ಡವಳು. ಸಣ್ಣವ ಎರಡೂ ಹೌದು ಎಂದ.

ಬೀಡಿ ತಂಬಾಕು ಅಂದೆ. ಈ ಊರು ಬೆಳೆದದ್ದೇ ಅದರ ಮೇಲೆ. ಹೊಲದಲ್ಲಿ ಬಿಸಿಲಿಗೆ ಒಣಗಿದ ಎಲೆ ವಖಾರಿಗೆ ಬರುತ್ತದೆ. ಅಲ್ಲಿ ಮುಖಕ್ಕೆ ಅರಿವೆ ಕಟ್ಟಿಕೊಂಡ ಹೆಂಗಸರು ಜಾಡಿಸಿ, ಸೋಸಿ, ಬೇರೆ ಬೇರೆ ಮಾಡುತ್ತಾರೆ. 1981ರಲ್ಲಿ ಶರದ್ ಜೋಶಿಯವರ ಮುಂದಾಳುತನದಲ್ಲಿ ತಂಬಾಕಿನ ರೈತರು ಬೆಲೆಗಾಗಿ ಇಲ್ಲಿಯ ಹೆದ್ದಾರಿಯ ಮೇಲೆ ವಾರಗಟ್ಟಲೆ ಕೂತಿದ್ದರು, ಗೋಲಿಬಾರಿನಲ್ಲಿ ರೈತರ ಜೀವ ಹೋದವು. ಅದನ್ನು ದೊಡ್ಡವಳಿಗೆ ಮಾತ್ರ ಕೇಳುವಂತೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಹೊರಗೆ ನೋಡಿ, “ನಾವು ಬಂದಿವೆಲ್ಲಾ, ಅದ ರಸ್ತೆ ಮ್ಯಾಲ?” ಎಂದು ಕೇಳಿದಳು. ಹೌದು, ಅದೇ.

ಚಿಕ್ಕೋಡಿ ಇನ್ನೂ ಮುಟ್ಟಿರಲಿಲ್ಲ, ನಡುವಿನವನ ಮುಖ ಬಿಳಿಚಿತು. ಕದ್ದು ಮೊಬೈಲ್ ನೋಡುತ್ತಿದ್ದ. ಗಾಡಿ ಓಲಾಡುತ್ತಿರುವುದು ಕಿವಿಯೊಳಗಿನ ಸಮತೋಲನದ ಅಂಗಕ್ಕೆ ಗೊತ್ತಾಗುತ್ತದೆ, ಪರದೆಯ ಮೇಲೆ ನೆಟ್ಟ ಕಣ್ಣಿಗೆ ಏನೂ ಕದಲಿದ್ದು ಕಾಣುವುದಿಲ್ಲ. ಇವೆರಡರ ಸಾಕ್ಷಿ ಹೊಂದದೆ ಮಿದುಳು ತಬ್ಬಿಬ್ಬಾದಾಗ ಹೊಟ್ಟೆ ತೊಳಸುತ್ತದೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೇ ಇದು ಹೆಚ್ಚು. ಹೊರಗೆ ದೂರದ ಗಿಡವನ್ನೋ ಗುಡ್ಡವನ್ನೋ ನೋಡುತ್ತ ಕೂತರೆ ಎರಡೂ ಸಾಕ್ಷಿ ಕೂಡಿಕೊಳ್ಳುತ್ತವೆ. ಆಯಿಗೆ ಈ ಶಾಸ್ತ್ರ ಬೇಕಿರಲಿಲ್ಲ. ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿದಳು, ಹುಡುಗನನ್ನು ಇಳಿಸಿ ಬೆನ್ನು ನೀವಿದಳು, ತನ್ನ ಅರಿವೆಯ ಚೀಲಕ್ಕೆ ಕೈ ಹಾಕಿದಳು. ಹೊರಗೆ ಬಂದದ್ದು ಹುಣಸಿ ಚಿಗಳಿ. ಹುಣಸೆಹಣ್ಣು, ಬೆಲ್ಲ, ಜೀರಿಗೆ, ಉಪ್ಪು, ಒಂದು ಚೂರು ಮೆಣಸಿನಕಾಯಿ ಒರಳಲ್ಲಿ ಕುಟ್ಟಿ ಕಡ್ಡಿಗೆ ಮೆತ್ತಿದ್ದು. ಒಬ್ಬನಿಗೆ ಔಷಧ ಎಂದು ಕೊಟ್ಟದ್ದು ಉಳಿದಿಬ್ಬರಿಗೂ ಅದೇ ಕ್ಷಣದಲ್ಲಿ ವಾಂತಿ ಬರುವಂತೆ ಮಾಡಿತು. ಮೂವರ ಬಾಯಿಗೂ ಚಿಗಳಿ ಬಿದ್ದ ಮೇಲೆ ಗಾಡಿಯಲ್ಲಿ ಒಂದಷ್ಟು ದೂರ ಚೀಪುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಈ ಒಂದು ಪದಾರ್ಥ ಯಾವ ಕಾರ್ಟೂನಿಗಿಂತಲೂ ಹೆಚ್ಚು ಹೊತ್ತು ಬಾಳುತ್ತದೆ, ಬರೆದಿಟ್ಟುಕೊಳ್ಳಿ.

ಚಿಕ್ಕೋಡಿಯಲ್ಲಿ ಚಾ, ಮಿಸಳ್, ಗದ್ದಲ. ಹೇಳುವಂಥದ್ದು ನಡೆದದ್ದು ಊರ ಹೊರಗಿನ ಪೆಟ್ರೋಲ್ ಪಂಪಿನಲ್ಲಿ. ನಂಬರ್ ಪ್ಲೇಟಿನ ಉಸ್ತುವಾರಿಯಲ್ಲಿದ್ದ ನಡುವಿನವ ಪುಣೆಯ ಎಂಎಚ್ 12, ಕೊಲ್ಹಾಪುರದ 09, ಸಾಂಗಲಿಯ 10 ಎಲ್ಲ ಬಾಯಿಪಾಠ ಮಾಡಿಕೊಂಡಿದ್ದ. ಚಿಕ್ಕೋಡಿಯದು ಕೆಎ 23 ಎಂದು ಹೇಳಿಕೊಟ್ಟದ್ದಷ್ಟೇ. ಒಂದು ಲಾರಿ ಬಂದು ನಿಂತಿತು. ಮೇಲೆ ತಾಡಪತ್ರಿ, ಪಾತ್ರೆಗಳು, ಒಂದು ಹಗ್ಗದ ಹೊರಸು, ಎರಡು ಆಡು, ಹತ್ತಾರು ಮಂದಿ.

“ಮಾಮಾ, ಇದೂ 23! ಆದ್ರ ಎಂಎಚ್ 23!”

ಎಂಎಚ್ 23 ಅಂದರೆ ಬೀಡ. ಮರಾಠವಾಡದ ಬರಗಾಲದ ಜಿಲ್ಲೆ. ದೀಪಾವಳಿಯ ಆಸುಪಾಸಿಗೆ ಕಬ್ಬಿನ ಹಂಗಾಮು ಶುರುವಾಯಿತೆಂದರೆ ಅಲ್ಲಿಂದ ಕಬ್ಬು ಕಡಿಯುವ ಗ್ಯಾಂಗುಗಳು ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಕೃಷ್ಣಾ ದಂಡೆಗೂ ಬಂದಿಳಿಯುತ್ತವೆ, ಬೇಸಿಗೆ ಕಾಯುವ ಹೊತ್ತಿಗೆ ಮರಳುತ್ತವೆ. ಗಂಡ ಹೆಂಡತಿ ಇಬ್ಬರೂ ಸೇರಿ ಒಂದು ‘ಕೋಯ್ತಾ’. ಮುಂಗಡ, ಕೂಲಿ ಎಲ್ಲ ಆ ಒಂದು ಕುಡುಗೋಲಿನ ಲೆಕ್ಕದಲ್ಲೇ. ಮಕ್ಕಳದು ಯಾವ ಲೆಕ್ಕದಲ್ಲೂ ಇಲ್ಲ, ಅವು ಜೊತೆಗೆ ಬರುತ್ತವೆ. ಆ ಲಾರಿಯ ಮೇಲೆ ಗೋಣಿಚೀಲದ ಗುಡ್ಡೆಗೆ ಒರಗಿ ನಮ್ಮ ಸಣ್ಣವನ ವಯಸ್ಸಿನ ಹುಡುಗಿಯೊಬ್ಬಳು ಕೂತಿದ್ದಳು. ಕಂಕುಳಲ್ಲಿ ಆಡಿನ ಮರಿ. ಆ ಮರಿ ಅವಳ ಕುಪ್ಪಸದ ಗುಂಡಿ ತಿನ್ನುತ್ತಿತ್ತು, ಅವಳು ಬಿಡಿಸಿಕೊಳ್ಳುತ್ತಿದ್ದಳು, ಮತ್ತೆ ತಿನ್ನಲು ಬಿಡುತ್ತಿದ್ದಳು. ಲಾರಿ ಹೊರಡುವವರೆಗೂ ನಮ್ಮ ಮೂವರು ಕಣ್ಣು ಕೀಳಲಿಲ್ಲ. ಆಮೇಲೆ ದಾರಿಯುದ್ದಕ್ಕೂ 23ರ ಪಂದ್ಯ ನಡೆಯಿತು: ಕೆಎ ಹೆಚ್ಚೋ ಎಂಎಚ್ ಹೆಚ್ಚೋ. ಟ್ರಾಲಿಗಳ ಹಿಂದೆ ಎಷ್ಟೋ ಕಡೆ ನಂಬರೇ ಇಲ್ಲದ್ದರಿಂದ ಪಂದ್ಯದ ನ್ಯಾಯ ಪದೇ ಪದೇ ಆಯಿಯ ಕಟ್ಟೆಗೆ ಬರುತ್ತಿತ್ತು.

ಅಂಕಲಿ ಹೊಕ್ಕಾಗ ಅಳಿಯಂದಿರು, ಸಾಂಗಲಿ ಹತ್ತಿರವೂ ಒಂದು ಅಂಕಲಿ ಇದೆ, ಅಲ್ಲಿಯೂ ಕೃಷ್ಣೆಗೆ ಸೇತುವೆ ಇದೆ ಎಂದರು. ಮುಂದಿನ ಊರು ಮಾಂಜರಿ ಎಂಬ ಬೋರ್ಡು ಕಂಡದ್ದೇ ನಡುವಿನವ ಸಿಟ್ಟಿಗೆದ್ದ.

“ಮಾಂಜರಿ ನಮ್ಮ ಪುಣೆದಾಗ ಐತಿ! ಇವರು ಯಾಕ ತಗೊಂಡಾರ?”

ಪುಣೆಯ ಮಾಂಜರಿಯಲ್ಲಿ ಇರುವುದು ವಸಂತದಾದಾ ಸಕ್ಕರೆ ಸಂಸ್ಥೆ, ಕಬ್ಬಿನ ಸಂಶೋಧನೆಗೆ ಹೆಸರಾದದ್ದು. ಇಲ್ಲಿಯ ಮಾಂಜರಿಯ ಸುತ್ತ ಇರುವುದು ಬರೀ ಕಬ್ಬು. ಎರಡೂ ಊರು ಒಂದೇ ಬೆಳೆಯ ಎರಡು ತುದಿ ಹಿಡಿದು ಕೂತಿವೆ ಎಂದು ನಾನು ವಿವರಿಸಲು ಹೋದೆ. ಯಾರೂ ಕಿವಿಗೊಡಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಹೊಳೆ ಕಂಡಿತ್ತು.

ಕೃಷ್ಣೆಯನ್ನು ಇಲ್ಲಿ ಯಾರೂ ಕೃಷ್ಣೆ ಎನ್ನುವುದಿಲ್ಲ. ಹೊಳಿ, ಅಷ್ಟೇ. ಮಾಘದ ಹೊಳೆ ಇಳಿದು ಹಸಿರುಗಟ್ಟಿ ನಿಧಾನವಾಗಿತ್ತು. ಸೇತುವೆಗೆ ಮುಂಚೆ ಅಗಲವಾದ ಜಾಗ ನೋಡಿ ಗಾಡಿ ನಿಲ್ಲಿಸಿ ಇಳಿದೆವು. ದಂಡೆಯಲ್ಲಿ ಪಂಪ್‌ಸೆಟ್ಟಿನ ಪೈಪುಗಳು ನೀರಿಗೆ ಬಾಯಿ ಹಚ್ಚಿ ಮಲಗಿದ್ದವು. ಈ ಹೊಳೆಯಲ್ಲಿ ಮೊಸಳೆ ಇರುವುದು ಸುಳ್ಳಲ್ಲ. ಸಾಂಗಲಿಯಿಂದ ಹಿಡಿದು ನಮ್ಮ ರಾಯಬಾಗ, ಅಥಣಿಯ ದಂಡೆಯವರೆಗೆ ಬಿಸಿಲು ಕಾಯಿಸಲು ಉಸುಕಿಗೆ ಬಂದು ಮಲಗಿದ್ದನ್ನು ರೈತರು ನೋಡುತ್ತಲೇ ಇರುತ್ತಾರೆ. “ಮಾತಾಡಿದ್ರ ಮೊಸಳಿ ಮುಳಗತೈತಿ,” ಎಂದಳು ತಂಗಿ. ಮೂರು ಮಕ್ಕಳು ಕಟಾಂಜನಕ್ಕೆ ಗದ್ದ ಊರಿ ಉಸಿರು ಬಿಗಿಹಿಡಿದು ನಿಂತವು. ಮೊಸಳೆ ಬರಲಿಲ್ಲ. ಆದರೆ ಮೂವರೂ ಒಂದೊಂದು ಮೊಸಳೆಯನ್ನು ಕಂಡರು, ಮೂರೂ ಬೇರೆ ಬೇರೆ ಕಡೆ.

ಆಯಿ ಕಥೆ ಬಿಚ್ಚಿದ್ದು ಅಲ್ಲಿಯೇ. ಹತ್ತಿರದ ಯಡೂರಿನಲ್ಲಿ ವೀರಭದ್ರ ಇದ್ದಾನೆ, ನಮ್ಮ ಕಡೆ ಎಷ್ಟೋ ಮನೆಗಳ ಕುಲದೇವರು. ದಕ್ಷನ ಯಜ್ಞ ನಡೆದದ್ದು ಅಲ್ಲೇ ಎಂದು ಜನ ನಂಬುತ್ತಾರೆ. ಹೊಳೆಯ ಮೇಲ್ದಿಕ್ಕಿಗೆ, ಮಹಾರಾಷ್ಟ್ರದ ಶಿರೋಳ ತಾಲ್ಲೂಕಿನಲ್ಲಿ ಖಿದ್ರಾಪುರ. ಅಲ್ಲಿ ಶಿಲಾಹಾರರ ಕಾಲದ, ಹನ್ನೆರಡನೇ ಶತಮಾನದ ಕೋಪೇಶ್ವರ ಗುಡಿ.

“ಸತಿ ತವರಮನಿಗೆ ಹೊಂಟಳು. ಕರಿದಿದ್ದಿಲ್ಲ, ಆದ್ರೂ ಹೊಂಟಳು. ನಂದಿ ಮ್ಯಾಲ ಕುಂತು ಬಂದಳು ನೋಡ, ಈ ಯಡೂರಿಗೆ. ಅಪ್ಪ ಮಾನಾ ಕಳದ. ಆಕಿ ಬೆಂಕಿಗೆ ಬಿದ್ದಳು. ಆಮ್ಯಾಲ ವೀರಭದ್ರ ಬಂದು ದಕ್ಷನ ತಲಿ ಹಾರಿಸಿದ.”

“ಶಿವಾ ಏನ ಮಾಡಿದ?”

“ಸಿಟ್ಟ ಬಂತು. ಹೋಗಿ ಖಿದ್ರಾಪುರದಾಗ ಕುಂತ. ಅದಕ ಅವಗ ಕೋಪೇಶ್ವರ ಅಂತಾರ. ಸಿಟ್ಟ ಇಳಸಾಕ ವಿಷ್ಣು ಬಂದು ಬಾಜೂಕ ಕುಂತ. ಈಗೂ ಅಲ್ಲಿ ಇಬ್ಬರೂ ಅದಾರ. ಆದ್ರ ಶಿವನ ಗುಡಿ ಮುಂದ ನಂದಿ ಇಲ್ಲ.”

“ಎಲ್ಲಿ ಹೋತು?”

“ಯಡೂರದಾಗ ಉಳಿತು. ಸತೀನ ಕರಕೊಂಡ ಬಂದಿತ್ತಲಾ, ಮರಳಿ ಕರಕೊಂಡ ಹೋಗಾಕ ಆಕಿನ ಇಲ್ಲ.”

ಶಿವನ ಗುಡಿಯ ಮುಂದೆ ನಂದಿ ಇಲ್ಲದಿರುವುದು ನಿಜ. ಅದರ ಕಾರಣವಾಗಿ ಎರಡೂ ರಾಜ್ಯದ ಜನ ಹೇಳಿಕೊಂಡು ಬಂದದ್ದು ಈ ಕಥೆಯನ್ನೇ. ಸಣ್ಣವ ಬಹಳ ಹೊತ್ತು ವಿಚಾರ ಮಾಡಿ, ನಮ್ಮ ಗಾಡಿಯಲ್ಲಿ ಹಿಂದಿನ ಸೀಟು ಮಡಚಿದರೆ ನಂದಿ ಹಿಡಿಯುತ್ತದೆ ಎಂದ. ಖಿದ್ರಾಪುರದ ಸ್ವರ್ಗಮಂಟಪಕ್ಕೆ ನಡುವೆ ಮಾಳಿಗೆಯೇ ಇಲ್ಲ, ದುಂಡಗೆ ಬಿಟ್ಟಿದ್ದಾರೆ, ಕೆಳಗಿನ ದುಂಡು ಹಾಸುಗಲ್ಲಿನ ಮೇಲೆ ನಿಂತರೆ ಆಕಾಶ ಕಾಣುತ್ತದೆ ಎಂದಾಗ ದೊಡ್ಡವಳು ಮಳೆ ಬಂದರೆ ಏನು ಮಾಡುತ್ತಾರೆ ಎಂದು ಕೇಳಿದಳು. ಇಂಥ ಪ್ರಶ್ನೆಗೆ ಉತ್ತರ ಹೇಳಬಾರದು, ಇನ್ನೊಂದು ಸೂಟಿಗೆ ಕರೆದುಕೊಂಡು ಹೋಗಬೇಕು.

ರಾಯಬಾಗದಲ್ಲಿ ಅಳಿಯಂದಿರು, ಸ್ವಾತಂತ್ರ್ಯಕ್ಕೆ ಮುಂಚೆ ಈ ಊರು ಕೊಲ್ಹಾಪುರ ಸಂಸ್ಥಾನದ ಆಳ್ವಿಕೆಯಲ್ಲಿತ್ತು ಎಂದು ಆರಂಭಿಸಿದರು. ಅಷ್ಟಕ್ಕೇ ಮುಗಿಯಿತು. ಮುಂದೆ ಬಂಡಿಗಳು ಕಂಡವು.

ಚಿಂಚಲಿ ಜಾತ್ರೆಗೆ ಇಂದಿಗೂ ಚಕ್ಕಡಿ ಕಟ್ಟಿಕೊಂಡು ಬರುವವರಿದ್ದಾರೆ, ಮಹಾರಾಷ್ಟ್ರದ ಹಳ್ಳಿಗಳಿಂದಲೂ. ಕಮಾನು ಕಟ್ಟಿದ ಸವಾರಿ ಗಾಡಿಗಳು ಸಾಲಾಗಿ ರಸ್ತೆಯ ಎಡ ಬದಿಗೆ. ಎತ್ತಿನ ಮೈಗೆ ಝೂಲು, ಕೋಡಿಗೆ ಬಣ್ಣ, ಕೊರಳಿಗೆ ಗಂಟೆ. ಹಣೆಗೂ ನೊಗಕ್ಕೂ ಹಚ್ಚಿದ ಭಂಡಾರ ಬೆವರಿಗೆ ಕರಗಿ ಹಳದಿ ಗೆರೆಯಾಗಿ ಇಳಿದಿತ್ತು. “ಚಾಂಗಭಲೋ!” ಎಂದು ಒಂದು ಗಾಡಿಯಿಂದ ಎದ್ದ ಕೂಗಿಗೆ ಮುಂದಿನ ಗಾಡಿ ದನಿಗೂಡಿಸುತ್ತಿತ್ತು. ನಮ್ಮ ಕಾರಿನಿಂದಲೂ ಒಂದು ಹೋಯಿತು. ಪುಣೆಯ ಉಚ್ಚಾರದಲ್ಲಿ, ಆದರೆ ಗಟ್ಟಿಯಾಗಿ.

ಚಕ್ಕಡಿಯ ಹಿಂದಿನ ಅಡ್ಡಗಟ್ಟಿಗೆಗೆ ಜೋತುಬಿದ್ದು ಓಡುತ್ತಿದ್ದ ಹುಡುಗರನ್ನು ನೋಡಿದ ಮೇಲೆ ನಮ್ಮವಕ್ಕೆ ಕಾರೊಳಗೆ ಕೂರುವುದು ಶಿಕ್ಷೆಯಾಯಿತು. ಆಯಿಯ ಬಾಲ್ಯದ ಪ್ರವಾಸವೂ ಇಂಥದ್ದೇ. ಸಂಜೆ ಬಿಸಿಲು ಇಳಿದ ಮೇಲೆ ಗಾಡಿ ಹೂಡುತ್ತಿದ್ದರು. ಒಳಗೆ ಕಣಿಕೆಯ ಹಾಸು, ಅದರ ಮೇಲೆ ಕೌದಿ, ತೊಲೆಗೆ ಜೋತ ಬುತ್ತಿಯ ಗಂಟು. ಗಾಡಿಯ ಕೆಳಗೆ ಕಂದೀಲು ತೂಗುಬಿಟ್ಟರೆ ಗಾಲಿಯ ನೆರಳು ರಸ್ತೆಯ ತುಂಬ ತಿರುಗುತ್ತಿತ್ತಂತೆ. ಹುಡುಗರಿಗೆ ಅದೇ ಸಿನೆಮಾ. ಏರು ಬಂದರೆ ಎತ್ತಿಗೆ ಭಾರವಾಗಬಾರದೆಂದು ಮಕ್ಕಳನ್ನು ಇಳಿಸುತ್ತಿದ್ದರು. ಇಳಿದವರು ಹಿಂದೆ ಉಳಿದು ಹೊಲದಲ್ಲಿ ಕಡಲೆ ಕಿತ್ತು, ಓಡಿ ಬಂದು ಗಾಡಿ ಹಿಡಿಯಬೇಕು. ಹೊಲದವ ಬೈದರೆ ಗಾಡಿಯೊಳಗಿನ ಹಿರಿಯರು ಅವನ ಪರವಾಗಿ ಇನ್ನೆರಡು ಮಾತು ಬೈದು, ಕಿತ್ತ ಕಡಲೆಯಲ್ಲಿ ಪಾಲು ಕೇಳುತ್ತಿದ್ದರು.

“ಬ್ಯಾಸರ ಆಗತಿದ್ದಿಲ್ಲೇನ ಆಯಿ?”

“ಬ್ಯಾಸರ ಆಗಾಕ ಪುರಸೊತ್ತ ಎಲ್ಲಿತ್ತ? ಕಾಲ ನೋವು ಆಗತಿತ್ತು.”

ಊರ ಹೊರಗೆ ಗಾಡಿ ನಿಲ್ಲಿಸಿ ನಡೆದೇ ಜಾತ್ರೆ ಹೊಕ್ಕೆವು. ಡೊಳ್ಳು, ಧೂಳು, ಗಾಳಿಯಲ್ಲಿ ಅರಿಶಿನ. ದರ್ಶನದ ಪಾಳಿ ಉದ್ದವಿತ್ತು. ಬೆಂಡು ಬೆತ್ತಾಸದ ಅಂಗಡಿಯ ಪಾಳಿ ಅದಕ್ಕಿಂತ ಉದ್ದವೆಂದು ಮಕ್ಕಳಿಗೆ ಅನಿಸಿರಬೇಕು. ಹೊರಬರುವಾಗ ಒಬ್ಬನ ಬಾಯಲ್ಲಿ ಪೀಪಿ, ಇನ್ನೊಬ್ಬನ ಕೈಯಲ್ಲಿ ಪುಗ್ಗಿ. ಪೀಪಿಯನ್ನು ಕಾರಿನೊಳಗೆ ಊದಬಾರದೆಂಬ ಕರಾರಿಗೆ ಕುಡಚಿ ಬರುವ ಮುಂಚೆಯೇ ಭಂಗ ಬಂದು, ಅದು ಆಯಿಯ ಚೀಲ ಸೇರಿತು. ಮಕ್ಕಳ ಪ್ರವಾಸದ ಬಗ್ಗೆ ಉಪದೇಶ ಮಾಡುವವರು ಆಟಿಕೆಗಳ ಪಟ್ಟಿ ಕೊಡುತ್ತಾರೆ. ಅದರಲ್ಲಿ ಪೀಪಿಯನ್ನು ಸೇರಿಸುವವರಿಗೆ ಸ್ವಂತ ಮಕ್ಕಳಿಲ್ಲ.

ಕುಡಚಿಯಿಂದ ಸೇತುವೆ ದಾಟಿದರೆ ಉಗಾರ. ಮಳೆಗಾಲದಲ್ಲಿ ಕೃಷ್ಣೆ ಉಕ್ಕಿದಾಗ ಮೊದಲು ಮುಳುಗಿದ ಸುದ್ದಿ ಬರುವ ಸೇತುವೆಗಳಲ್ಲಿ ಇದೂ ಒಂದು. ಮೂಗಿನ ಆಟ ಇಲ್ಲಿ ಮತ್ತೆ ಜೀವ ಪಡೆಯಿತು. ಸಿಹಿ, ಹುಳಿ, ಸುಟ್ಟ ವಾಸನೆ ಮೂರೂ ಕೂಡಿ ಗಾಡಿಯೊಳಗೆ ನುಗ್ಗಿತು.

“ಯಾರೋ ಪಾಯಸ ಹೊತ್ತಿಸ್ಯಾರ,” ಎಂದಳು ದೊಡ್ಡವಳು. ಮೂಗು ಮುಚ್ಚಿಕೊಂಡರೂ ಗುರಿ ಹತ್ತಿರವೇ ಬಿದ್ದಿತ್ತು. 1939ರಲ್ಲಿ ಶಿರಗಾಂವಕರ ಮನೆತನದವರು ಹುಟ್ಟುಹಾಕಿದ ಉಗಾರ ಸಕ್ಕರೆ ಕಾರ್ಖಾನೆಯ ಚಿಮಣಿ ಕಬ್ಬಿನ ಪೈರಿನ ಮೇಲಿಂದ ಹೊಗೆ ಬಿಡುತ್ತಿತ್ತು. ವಾಸನೆ ಕಾಕಂಬಿಯದು.

ಗೇಟಿನ ಹೊರಗೆ ಪಾಳಿ ಹಚ್ಚಿದ ಗಾಡಿಗಳ ಸಾಲು. ಟ್ರ್ಯಾಕ್ಟರುಗಳು ಒಂದು ಕಡೆ, ಬೀಡ ಕಡೆಯವರ ಟಾಯರ್ ಗಾಲಿಯ ಎತ್ತಿನ ಗಾಡಿಗಳು ಇನ್ನೊಂದು ಕಡೆ. ತೂಕದ ಕಾಟಾ ಸಿಗುವವರೆಗೆ ಕೆಲವೊಮ್ಮೆ ರಾತ್ರಿಯೇ ಕಳೆಯುತ್ತದೆ. ನಾವು ಚಿಕ್ಕವರಿದ್ದಾಗ ಓಡುವ ಕಬ್ಬಿನ ಗಾಡಿಯ ಬೆನ್ನುಹತ್ತಿ ಕಬ್ಬು ಹಿರಿಯುವುದು ದಿನದ ಆಟ. ಡ್ರೈವರ್ ಬೈದರೆ ಕಬ್ಬು ಇನ್ನಷ್ಟು ಸಿಹಿ. ಅದನ್ನು ನಾನು ಈ ಮಕ್ಕಳಿಗೆ ಹೇಳಲಿಲ್ಲ. ಎರಡು ಟ್ರಾಲಿಯ ನಡುವಿನ ಕೊಂಡಿಗೆ ಸಿಕ್ಕು ಸತ್ತ ಹುಡುಗರ ಸುದ್ದಿ ಪ್ರತಿ ಹಂಗಾಮಿನಲ್ಲೂ ಎಲ್ಲಿಂದಾದರೂ ಬರುತ್ತದೆ. ನಿಂತ ಗಾಡಿಯ ಹತ್ತಿರ ಹೋಗಿ ಕೇಳಿ ಪಡೆಯುವುದು ಒಳ್ಳೆಯದು.

“ಕಾಕಾ, ಹುಡುಗೂರಿಗೆ ಒಂದೆರಡ ಕಬ್ಬ ಕೊಡ್ರಿ.”

“ತಗೋರಿ, ಅದಕೇನ ಕೇಳ್ತೀರಿ,” ಎಂದು ಡ್ರೈವರ್ ಕೈಗೆ ಬಂದಷ್ಟು ಎಳೆದುಕೊಟ್ಟ. ಯಾವ ಕಬ್ಬು ಎಂದೆ. 86032 ಅಂದ. ಕಬ್ಬಿಗೆ ಹೆಸರಿನ ಬದಲು ನಂಬರು ಇರುವುದು ನಡುವಿನವನಿಗೆ ಬಹಳ ಹಿಡಿಸಿತು. ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯಲ್ಲಿ 1986ರ ಸಾಲಿನಲ್ಲಿ ಆರಿಸಿದ ತಳಿಯಾದ್ದರಿಂದ ಆ 86 ಎಂದು ಹೇಳಿದಾಗ, “ಅಂದ್ರ ಇದು ಕಬ್ಬಿನ ನಂಬರ್ ಪ್ಲೇಟ!” ಎಂದು ತನ್ನ ಖಾತೆಗೆ ಸೇರಿಸಿಕೊಂಡ.

ಎತ್ತಿನ ಗಾಡಿಗಳ ಕಡೆ ಒಬ್ಬ ಹುಡುಗ, ಹತ್ತು ವರ್ಷದವನಿರಬೇಕು, ಕಬ್ಬಿನ ಹೊರೆಯ ನೆತ್ತಿಯಲ್ಲಿ ಕೂತು ಹಲ್ಲಿನಿಂದ ಸಿಪ್ಪೆ ಸುಲಿಯುತ್ತಿದ್ದ. ನಮ್ಮ ದೊಡ್ಡವಳು ಹಲ್ಲು ಊರಲಾಗದೆ ಒದ್ದಾಡುವುದನ್ನು ನೋಡಿ ಇಳಿದು ಬಂದ. ಅವನದು ಮರಾಠಿ, ಇವರಿಗೂ ಪುಣೆಯ ಶಾಲೆಯ ಮರಾಠಿ. ಗಣ್ಣಿಗೆ ಬಾಯಿ ಹಾಕಬಾರದು, ಗಣ್ಣು ಬಿಟ್ಟು ಮೊದಲು ಸೀಳಬೇಕು ಎಂದು ತೋರಿಸಿದ. ಬದಲಿಗೆ ನಡುವಿನವ ಮೊಬೈಲಿನಲ್ಲಿ ತನ್ನ ಕಾರ್ ರೇಸಿನ ಆಟ ಚಾಲೂ ಮಾಡಿಕೊಟ್ಟ. ಹುಡುಗ ಒಂದು ಸುತ್ತು ಆಡಿದ. ಪರದೆಯ ಕಾರು ಎರಡು ಸಲ ಗೋಡೆಗೆ ಗುದ್ದಿತು. ಮರಳಿ ಕೊಟ್ಟು, ತನ್ನ ಎತ್ತಿನ ಹಗ್ಗವನ್ನು ಇವನ ಕೈಗೆ ಇಟ್ಟ. ಪಾಳಿ ಮುಂದೆ ಸರಿಯಿತು, ಗಾಡಿ ನಾಲ್ಕು ಮಾರು ಜರುಗಿತು. ಆ ನಾಲ್ಕು ಮಾರು ಅದನ್ನು ನಡೆಸಿದ್ದು ನಮ್ಮ ಹುಡುಗ. ಎತ್ತಿಗೆ ದಾರಿ ಮೊದಲೇ ಗೊತ್ತಿತ್ತೆಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಯಾವ ಇಯತ್ತೆ ಎಂದು ನನ್ನ ತಂಗಿ ಆ ಹುಡುಗನನ್ನು ಕೇಳಿದಳು. ಊರಿನಲ್ಲಿ ಇದ್ದಾಗ ಮೂರನೆಯದು ಎಂದ.

ಶೇಡಬಾಳ, ಕಾಗವಾಡದ ಕಡೆ ಆಟ ಬದಲಾಯಿತು. ಗಡಿ ಇಲ್ಲಿ ಕೂಗಳತೆಯಲ್ಲಿದೆ. ಅಂಗಡಿಯ ಬೋರ್ಡಿನಲ್ಲಿ ಎರಡು ಲಿಪಿ, ಬಸ್ ನಿಲ್ದಾಣದಲ್ಲಿ ಎರಡು ರಾಜ್ಯದ ಬಸ್ಸು. ಮನೆಯಲ್ಲಿ ಕನ್ನಡ ಮಾತಾಡುವ ಈ ಮಕ್ಕಳಿಗೆ ಓದಲು ಬರುವುದು ನಾಗರಿ ಮತ್ತು ಇಂಗ್ಲಿಷ್. ಪುಣೆಯಲ್ಲಿ ಬೆಳೆದ ಎಷ್ಟೋ ಕನ್ನಡ ಮಕ್ಕಳ ಪಾಡು ಅದೇ. ಎರಡೂ ಲಿಪಿ ಇರುವ ಬೋರ್ಡು ಸಿಕ್ಕರೆ ನಾಗರಿಯದನ್ನು ಓದಿಕೊಂಡು ಕನ್ನಡದ ಯಾವ ಅಕ್ಷರ ಯಾವುದೆಂದು ಊಹಿಸಬೇಕು. ‘ಕಾಗವಾಡ’ ಈ ಆಟಕ್ಕೆ ಹೇಳಿ ಮಾಡಿಸಿದ ಹೆಸರು, ಒತ್ತಿಲ್ಲ, ತೊಡಕಿಲ್ಲ. ಕಾ ಮತ್ತು ವಾ ಎರಡಕ್ಕೂ ಒಂದೇ ಬಾಲ ಇರುವುದನ್ನು ದೊಡ್ಡವಳು ಹಿಡಿದಳು. ಎದುರಿಗೆ ಬಂದ ವಾಯವ್ಯ ಸಾರಿಗೆಯ ಬಸ್ಸಿನ ಹಣೆಯಲ್ಲಿ ‘ಅಥಣಿ’ ಎಂದಿತ್ತು. ಅದರ ‘ಥ’ದ ಹೊಟ್ಟೆಯೊಳಗಿನ ಚುಕ್ಕೆ ಯಾಕೆ ಎಂದು ಕೇಳಿದ್ದಕ್ಕೆ ಗಾಡಿಯ ನಾಲ್ಕು ಹಿರಿಯರಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ.

ಊರ ಹೆಸರಿನ ಮೋಜು ಮುಗಿದಿರಲಿಲ್ಲ. ಶೇಡಬಾಳ ದಾಟಿ ಮಿರಜಿನ ಕಡೆ ಹೋಗುವ ರೈಲಿಗೆ ವಿಜಯನಗರ ಎಂಬ ಸಣ್ಣ ನಿಲ್ದಾಣ ಸಿಗುತ್ತದೆ, ಅಲ್ಲಿ ಹಂಪಿ ಇಲ್ಲ. ಇತ್ತ ರಾಯಬಾಗ ದಾಟಿದರೆ ಚಿಕ್ಕೋಡಿ ರೋಡ್ ಎಂಬ ನಿಲ್ದಾಣ, ಅಲ್ಲಿ ಚಿಕ್ಕೋಡಿ ಇಲ್ಲ. ನಂಬಿ ಇಳಿದವರು ಮುಂದೆ ಬಸ್ಸು ಹುಡುಕಬೇಕು.

“ರೋಡ್ ಅಷ್ಟ ಐತೆನ ಅಲ್ಲಿ?” ಎಂದ ನಡುವಿನವ. ಹೌದಪ್ಪಾ, ಅದನ್ನೇ ಪ್ರಾಮಾಣಿಕವಾಗಿ ಬರೆದಿದ್ದಾರೆ.

ಮಂಗಸೂಳಿ ಖಂಡೋಬನ ಊರಲ್ಲಿ ಭಂಡಾರದ ವಾಸನೆಗೆ ಕಣ್ಣುಮುಚ್ಚಿದ್ದ ಮೂವರೂ ಏಕಕಾಲಕ್ಕೆ ‘ಚಿಂಚಲಿ’ ಎಂದು ಕೂಗಿ ಸೋತರು. ಅಲ್ಲಿಂದ ಅಥಣಿಯ ಕಡೆ ಸಾಗಿದಂತೆ ನೋಟ ಬದಲಾಗುತ್ತದೆ. ಕಬ್ಬು ವಿರಳವಾಗುತ್ತದೆ, ಬಿಳಿಜೋಳದ ಹೊಲಗಳು, ನಡುವೆ ದ್ರಾಕ್ಷಿಯ ಚಪ್ಪರ. ಆಕಾಶ ದೊಡ್ಡದಾಗುತ್ತದೆ. ಚೆಲುವೇ, ಆದರೆ ಮಕ್ಕಳಿಗಲ್ಲ. ಟ್ರ್ಯಾಕ್ಟರ್ ಇಲ್ಲದ ರಸ್ತೆಯಲ್ಲಿ ಗಾಡಿಗೆ ವೇಗ ಬಂತು, ವೇಗದೊಂದಿಗೆ ಜಗಳವೂ ಬಂತು. ಆಗ ಆಯಿ ಕಟಕ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಬಿಚ್ಚಿ, ಒಂದೊಂದು ತುಂಡಿಗೆ ಒಂದೊಂದು ಒಗಟು ಎಂದಳು.

“ಹೊಲದಾಗ ಹಸರ, ಗಾಣದಾಗ ನೀರ, ಕೊಪ್ಪರಿಗ್ಯಾಗ ಕೆಂಪ, ಡಬ್ಬ್ಯಾಗ ಕಲ್ಲ. ಏನ ಹೇಳ್ರಿ?”

ದಿನವೆಲ್ಲ ಕಬ್ಬಿನ ಹಿಂದೆಯೇ ಬಂದವರಿಗೆ ಬೆಲ್ಲ ಹೇಳುವುದು ಕಷ್ಟವಾಗಲಿಲ್ಲ. ಹಾಕುವ ಸರದಿ ದೊಡ್ಡವಳದು. ಅವಳು ರೊಟ್ಟಿಯ ಕೊನೆಯ ಚೂರು ಮುಗಿಯುವವರೆಗೆ ಕಾದು ಕಟ್ಟಿದಳು:

“ಗ್ವಾಡಿಗೆ ಕಟ್ಟಿದ್ರ ಮೇಯತೈತಿ, ಬಿಚ್ಚಿದ್ರ ಮಾತಾಡತೈತಿ.”

ಆಯಿ ಎಮ್ಮೆ ಎಂದಳು, ಎಮ್ಮೆ ಮಾತಾಡುವುದಿಲ್ಲವೆಂದು ತಾನೇ ಹಿಂತೆಗೆದುಕೊಂಡಳು. ಗಿಣಿ ಎಂದಳು. ಅಳಿಯಂದಿರು ಗಡಿಯಾರ ಎಂದರು. ಕೊನೆಗೆ ದೊಡ್ಡವಳು ತಮ್ಮನ ಕೈಯಿಂದ ಮೊಬೈಲು ಕಸಿದು ಚಾರ್ಜರಿಗೆ ಚುಚ್ಚಿ ತೋರಿಸಿದಳು. ಅವ್ವ ತನ್ನ ಬಾಳಿನಲ್ಲಿ ಒಗಟಿಗೆ ಸೋತದ್ದನ್ನು ನಾನು ನೋಡಿರಲಿಲ್ಲ. ಸೋತದ್ದಕ್ಕೆ ಎರಡು ರೊಟ್ಟಿ ಹೆಚ್ಚಿಗೆ ಕೊಟ್ಟಳು.

ಅಥಣಿಯ ಕೊನೆಯ ವಾಸನೆ ಯಾವುದೆಂದು ಯಾರಿಗೂ ಗೊತ್ತಾಗಲಿಲ್ಲ. ಹದ ಮಾಡಿದ ತೊಗಲು, ಅದರ ಮೇಲೆ ಎಣ್ಣೆ. ಕೊಲ್ಹಾಪುರಿ ಎಂದು ಜಗತ್ತು ಕರೆಯುವ ಚಪ್ಪಲಿಯಲ್ಲಿ ಎಷ್ಟೋ ಜೊತೆ ಹುಟ್ಟುವುದು ಅಥಣಿ, ನಿಪ್ಪಾಣಿ, ಮದಭಾವಿಯ ಮನೆಗಳ ಪಡಸಾಲೆಯಲ್ಲಿ. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಅದು ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಕೂಡಿಯೇ ಸಿಕ್ಕಿತು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಇಂಥದೇ ಚಪ್ಪಲಿ ತೊಡಿಸಿ, ಎಲ್ಲಿಯದೆಂದು ಹೇಳದೆ ಬೈಸಿಕೊಂಡಿತು.

ನಾವು ಹೋದ ಮನೆಯಲ್ಲಿ ಗಂಡಸು ಅಟ್ಟೆ ಕತ್ತರಿಸುತ್ತಿದ್ದರು, ಹೆಂಗಸರು ಸಣ್ಣ ತೊಗಲಿನ ಎಳೆಗಳಿಂದ ವೇಣಿ ಹೆಣೆಯುತ್ತಿದ್ದರು. ದೊಡ್ಡವಳು ತನ್ನ ಜಡೆಯನ್ನು ಮುಂದಕ್ಕೆ ತಂದುಕೊಂಡು ಹೆಣಿಗೆ ಒಂದೇನಾ ಎಂದು ಹೋಲಿಸಿ ನೋಡಿದಳು. ಸಣ್ಣವನ ಅಳತೆಯ ಜೊತೆ ಸಿದ್ಧವಿರಲಿಲ್ಲ. ಅವನನ್ನು ಒಂದು ರಟ್ಟಿನ ಮೇಲೆ ನಿಲ್ಲಿಸಿ ಪಾದದ ಸುತ್ತ ಪೆನ್ಸಿಲ್ ಎಳೆದರು. ಕಚಗುಳಿಯಾಗಿ ಕಾಲು ಕಿತ್ತ, ಗೆರೆ ಸೊಟ್ಟಾಯಿತು, ಮತ್ತೆ ಎಳೆದರು.

“ನಡದ್ರ ಕಿರ್ ಅನ್ನಬೇಕ್ರಿ,” ಎಂದ ಸಣ್ಣವ. ಹಿಂದಿನವರು ಅಟ್ಟೆಯ ಪದರಿನ ನಡುವೆ ಬೀಜ ಇಟ್ಟು ಸದ್ದು ಬರಿಸುತ್ತಿದ್ದರೆಂದು ದಾರಿಯಲ್ಲಿ ನಾನೇ ಹೇಳಿದ್ದೆ.

“ಮಾಡಿಕೊಡೂನು ತಮ್ಮಾ. ಹದಿನೈದ ದಿನ ಬಿಟ್ಟು ಬಾ.”

“ನಾವು ನಾಳಿ ಪುಣೆಗೆ ಹೊಂಟೇವ್ರಿ,” ಎಂದಳು ತಂಗಿ. “ನಮ್ಮಣ್ಣ ಬಂದು ಒಯ್ತಾನ. ಇವ ಮತ್ತ ಬರೋದು ಬ್ಯಾಸಗಿ ಸೂಟಿಗೆ.”

ಅವರು ರಟ್ಟು ಎತ್ತಿ ಬೆಳಕಿಗೆ ಹಿಡಿದು, ಗೆರೆಯ ಹೊರಗೆ ಇನ್ನೊಂದು ಗೆರೆ ಎಳೆದರು.

“ಹಂಗಾರ ಒಂದ ಬೆರಳ ಜಾಸ್ತಿ ಬಿಟ್ಟೇನ್ರಿ ಅಕ್ಕಾ. ಅಲ್ಲಿ ತನಕ ಕಾಲ ಬೆಳೀತಾವ. ಮುಂಗಡ ಎರಡನೂರ ಕೊಡ್ರಿ.”